ಮೂರು ಬೇಸಿಗೆಗೆ ಆಗುವಷ್ಟು ಹಣ ಕೊಡಿ: ಬಳ್ಳಾರಿಯಿಂದ ಒಂದು ಬಹಿರಂಗ ಪತ್ರ

ಗೆ,
ಮಾನ್ಯ ಜಿಲ್ಲಾಧಿಕಾರಿಗಳು, ಬಳ್ಳಾರಿ ಜಿಲ್ಲೆ
ಮಾನ್ಯ ಅಧ್ಯಕ್ಷರು ಮತ್ತು ಕಾರ್ಯದರ್ಶಿಗಳು, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ, ಕಲಬುರಗಿ

ವಿಷಯ: ಬಡಾವಣೆಗಳ ಹಸಿರು ಜಾಗ ನೋಡಿಕೊಳ್ಳುವ ಸ್ಥಳೀಯ ಸಂಘಗಳಿಗೆ ಮೂರು ವರ್ಷದ ಸಣ್ಣ ಅನುದಾನ ನೀಡುವ ಕುರಿತು.

ಮಾನ್ಯರೇ,

ಬಳ್ಳಾರಿಯಲ್ಲಿ ಗಿಡ ನೆಡುವುದಕ್ಕೆ ಹಣ ಸಿಗುತ್ತದೆ. ಉದ್ಯಾನಕ್ಕೆ ಕಾಂಪೌಂಡು, ಕಮಾನು, ಕಾರಂಜಿ ಕಟ್ಟುವುದಕ್ಕೂ ಸಿಗುತ್ತದೆ. ನೆಟ್ಟ ಗಿಡಕ್ಕೆ ಏಪ್ರಿಲ್ ಬಿಸಿಲಲ್ಲಿ ನೀರು ಹಾಕುವವರಿಗೆ ಕೊಡಲು ಮಾತ್ರ ನಾವು ಕೇಳಿದ ಯಾವ ಕಚೇರಿಯಲ್ಲೂ ಹಣವಿಲ್ಲ. ಅದೊಂದೇ ವಿಷಯಕ್ಕೆ ಈ ಪತ್ರ. ಮಹಿಳಾ ಸಂಘಗಳಿಗೆ, ನಿವಾಸಿಗಳ ಸಂಘಗಳಿಗೆ, ಯುವಕ ಮಂಡಳಿಗಳಿಗೆ ತಲಾ ಎರಡು ಲಕ್ಷ ರೂಪಾಯಿ ಆಸುಪಾಸಿನ ಅನುದಾನವನ್ನು ಮೂರು ವರ್ಷಕ್ಕೆ ಹಂಚಿ ನೇರವಾಗಿ ಕೊಡಿ ಎಂದು ಕೇಳುತ್ತಿದ್ದೇವೆ.

ನಾನು ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದವಳು. ನಮ್ಮ ಬಡಾವಣೆಯ ಮಹಿಳಾ ಸಂಘದ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಸಂಘದಲ್ಲಿ ಹೆಚ್ಚಿನವರು ಜೀನ್ಸ್ ಕೆಲಸದವರು. ಹೊಲಿದು ಬಂದ ಪ್ಯಾಂಟುಗಳ ರಾಶಿಯನ್ನು ಮನೆ ಮುಂದೆ ಹಾಕಿಕೊಂಡು ದಾರ ಕತ್ತರಿಸುತ್ತಾರೆ, ಗುಂಡಿ ಹಾಕುತ್ತಾರೆ. ಮಧ್ಯಾಹ್ನ ತಗಡಿನ ಸೂರಿನ ಕೆಳಗೆ ಕೂರಲಾಗುವುದಿಲ್ಲ, ಹೊರಗೆ ಮರವಿಲ್ಲ. ಗೋಡೆಯ ನೆರಳು ಸರಿದ ಹಾಗೆ ಅವರೂ ರಾಶಿ ಎಳೆದುಕೊಂಡು ಸರಿಯುತ್ತಾರೆ. ಎರಡು ಗಂಟೆಯ ಹೊತ್ತಿಗೆ ಆ ನೆರಳು ಒಂದು ಗೇಣು ಉಳಿದಿರುತ್ತದೆ. ಅಷ್ಟರಲ್ಲೇ ಕಾಲು ಮಡಚಿ, ತಲೆಗೆ ಸೆರಗು ಹೊದ್ದು ಕತ್ತರಿ ಆಡಿಸುತ್ತಿರುತ್ತಾರೆ. ನಮ್ಮ ಊರಿನಲ್ಲಿ ಮರ ಯಾಕೆ ಬೇಕು ಎಂದು ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಈ ಹೆಂಗಸರನ್ನು. ವಾಯುವಿಹಾರ, ಸೌಂದರ್ಯ ಎಲ್ಲ ಆಮೇಲೆ.

ಅದೇ ಬೀದಿಯ ಕೊನೆಗೆ ಬಡಾವಣೆಯ ನಕ್ಷೆಯಲ್ಲಿ ಉದ್ಯಾನಕ್ಕೆಂದು ಬಿಟ್ಟ ಜಾಗವಿದೆ. ಬಳ್ಳಾರಿ ಜಾಲಿ ಬೆಳೆದು, ಹಳೆ ಮನೆ ಕೆಡವಿದ ಇಟ್ಟಿಗೆ ಮಣ್ಣು ಬಿದ್ದು, ಹಂದಿಗಳಿಗೆ ಬಿಟ್ಟುಕೊಟ್ಟ ಹಾಗಿತ್ತು. ಸಂಘದವರೂ ಓಣಿಯ ಕಾಲೇಜು ಹುಡುಗರೂ ಸೇರಿ ಅದನ್ನು ಹಸನು ಮಾಡಿದರು. ಜಾಲಿಯನ್ನು ಕಡಿದು ಬಿಟ್ಟರೆ ಮತ್ತೆ ಚಿಗುರುತ್ತದೆ, ಬುಡ ಅಗೆದೇ ತೆಗೆಯಬೇಕು. ಹುಡುಗರು ಅಂಗೈ ಬೊಬ್ಬೆ ಬರುವ ತನಕ ಹಾರೆ ಹಾಕಿದರು. ಅರಣ್ಯ ಇಲಾಖೆಯ ನರ್ಸರಿಯಿಂದ ಬೇವು, ಹೊಂಗೆ, ನೇರಳೆ ಸಸಿ ತಂದು ಮಳೆಗಾಲದಲ್ಲಿ ನೆಟ್ಟೆವು. ಬೇಸಿಗೆಗೆ ಪ್ರತಿ ಗಿಡದ ಬುಡದಲ್ಲಿ ತಳ ಕತ್ತರಿಸಿದ ನೀರಿನ ಬಾಟಲಿಯೊಂದನ್ನು ತಲೆಕೆಳಗಾಗಿ ಹುಗಿದೆವು. ಮುಚ್ಚಳಕ್ಕೆ ಸೂಜಿಯಿಂದ ತೂತು ಮಾಡಿದರೆ ನೀರು ಮೇಲೆ ಆವಿಯಾಗದೆ ಬೇರಿಗೆ ಹನಿಯುತ್ತದೆ. ನಮ್ಮ ಕಡೆ ಬೇಸಿಗೆಯಲ್ಲಿ ನಲ್ಲಿ ನೀರು ವಾರಕ್ಕೊಮ್ಮೆ ಬಂದರೆ ಪುಣ್ಯ. ಆ ನೀರಿನಲ್ಲೇ ಮನೆಗೊಂದು ಕೊಡ ಗಿಡಕ್ಕೆ ಎಂದು ಎತ್ತಿಡುತ್ತಿದ್ದರು. ಕೊಡ ಹೊತ್ತು ತರುತ್ತಿದ್ದ ಹಿರಿಯಳೊಬ್ಬಳು ಒಮ್ಮೆ ನಿಂತು ಹೇಳಿದ ಮಾತು ಇದು: "ಟೀಚರಮ್ಮಾ, ಗಿಡ ಹಚ್ಚಾಕ ಎಲ್ಲಾರೂ ಬರ್ತಾರ. ನೀರು ಹಾಕಾಕ ಯಾರು ಬರ್ತಾರ?"

ಎರಡನೇ ಬೇಸಿಗೆ ಹತ್ತಿರ ಬಂದಾಗ ನೆರವು ಕೇಳಿ ಅರ್ಜಿ ಹಾಕಿದೆವು. ವಾರಕ್ಕೊಂದು ಟ್ಯಾಂಕರ್ ನೀರು, ಅರ್ಧ ದಿನ ನೋಡಿಕೊಳ್ಳುವ ಒಬ್ಬ ಹೆಂಗಸಿಗೆ ಗೌರವಧನ, ಇಷ್ಟೇ ಕೇಳಿದ್ದು. ಒಂದು ಕಚೇರಿಯಲ್ಲಿ ಇದಕ್ಕೆ ಲೆಕ್ಕ ಶೀರ್ಷಿಕೆಯೇ, ಅಂದರೆ ಹಣ ತೆಗೆಯುವ ಬಾಬತ್ತೇ ಇಲ್ಲ ಎಂದರು. ಇನ್ನೊಂದು ಕಚೇರಿಯಲ್ಲಿ, ಕಾಮಗಾರಿ ಇದ್ದರೆ ಅಂದಾಜುಪಟ್ಟಿ ಮಾಡಿಸಬಹುದು, ಬರೀ ನಿರ್ವಹಣೆಗೆ ಕೊಡಲು ಬರುವುದಿಲ್ಲ ಎಂದರು. ಹಾಗೆ ಹೇಳಿದವರು ಮರ್ಯಾದೆಯಿಂದಲೇ ಮಾತಾಡಿದರು, ಕುರ್ಚಿ ಕೊಟ್ಟು ಕೂರಿಸಿದರು. ಅವರ ಕೈಲಿ ನಿಯಮವಿರಲಿಲ್ಲ. ಅದನ್ನು ಬದಲಿಸುವ ಅಧಿಕಾರ ತಮ್ಮಂಥವರಿಗೆ ಇದೆ ಎಂದೇ ತಮಗೆ ಬರೆಯುತ್ತಿದ್ದೇನೆ.

ಮುಂದೆ ಆ ಜಾಗಕ್ಕೆ ಕಾಮಗಾರಿಯೇ ಬಂತು. ಜೆಸಿಬಿ ಬಂದು ನೆಲ ಸಮ ಮಾಡಿತು. ಸೊಂಟದೆತ್ತರ ಬಂದಿದ್ದ ಬೇವಿನ ಗಿಡಗಳೂ ಆ ಮಣ್ಣಿನ ಜೊತೆ ಹೋದವು. ಕಾಂಪೌಂಡು ಎದ್ದಿತು, ಗೇಟಿಗೆ ಬೀಗ ಬಿತ್ತು, ಒಳಗೆ ಸಿಮೆಂಟ್ ಪೇವರ್ ಹಾಸಿದರು. ಲಾನ್ ಹುಲ್ಲು ಹಾಸಿ, ಕಬ್ಬಿಣದ ಜಾರುಬಂಡಿ ಮತ್ತು ವ್ಯಾಯಾಮದ ಸಾಮಾನು ನಿಲ್ಲಿಸಿದರು. ಮೇ ತಿಂಗಳ ಸಂಜೆ ಐದಕ್ಕೂ ಆ ಜಾರುಬಂಡಿ ಮುಟ್ಟಲಾಗುವುದಿಲ್ಲ. ಚಡ್ಡಿ ಹಾಕಿದ ಮಗು ಒಮ್ಮೆ ಜಾರಿ ತೊಡೆ ಸುಟ್ಟುಕೊಂಡು ಅತ್ತಿದ್ದನ್ನು ನಾನೇ ಕಂಡಿದ್ದೇನೆ. ಮೋಟಾರು ಕೆಟ್ಟ ಮೇಲೆ ಹುಲ್ಲು ಒಣಗಿತು. ದುರಸ್ತಿಗೆ ಹಣವಿಲ್ಲ, ಏಕೆಂದರೆ ಅದೂ ನಿರ್ವಹಣೆಯೇ. ಈ ಕೆಲಸ ಮಾಡಿದವರು ಯಾರು, ಮಾಡಿಸಿದವರು ಯಾರು ಎಂದು ಹೆಸರಿಸಿ ದೂರು ಕೊಡುವುದು ನನ್ನ ಉದ್ದೇಶವಲ್ಲ. ಬೇರೆ ಬಡಾವಣೆಗಳ ಗೆಳತಿಯರು ಹೇಳುವ ಕಥೆಯೂ ಇದೇ ಆಗಿರುವಾಗ ತಪ್ಪು ಒಬ್ಬ ಗುತ್ತಿಗೆದಾರನದಲ್ಲ, ಹಣ ಕೊಡುವ ರೀತಿಯದು.

ಆ ರೀತಿಯಲ್ಲಿ ಇರುವ ದೋಷ ತಿಂಗಳುಗಳ ಲೆಕ್ಕದಲ್ಲಿ ಕಾಣುತ್ತದೆ. ಸರ್ಕಾರದ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ. ಫೆಬ್ರವರಿ, ಮಾರ್ಚ್‌ನಲ್ಲಿ ಹಳೆಯ ಬಿಲ್ಲುಗಳನ್ನು ಚುಕ್ತಾ ಮಾಡುವ ಧಾವಂತ. ಏಪ್ರಿಲ್‌ನಲ್ಲಿ ಹೊಸ ವರ್ಷ ಶುರುವಾದರೂ ಕ್ರಿಯಾಯೋಜನೆ, ಅನುಮೋದನೆ, ಟೆಂಡರ್ ದಾಟಿ ಹಣ ಕೆಳಗಿಳಿಯುವ ಹೊತ್ತಿಗೆ ಮಳೆಗಾಲ ಬಂದಿರುತ್ತದೆ. ಜೂನ್ 5ಕ್ಕೆ ಪರಿಸರ ದಿನ, ಜುಲೈನಲ್ಲಿ ವನಮಹೋತ್ಸವ, ಆಗ ನೆಡುತ್ತೇವೆ. ಗಿಡ ಸಾಯುವುದು ಆಗ ಅಲ್ಲ. ನಮ್ಮ ಜಿಲ್ಲೆಗೆ ವರ್ಷಕ್ಕೆ ಬೀಳುವುದು ಸುಮಾರು 600 ಮಿಲಿಮೀಟರ್ ಮಳೆ, ಅದೂ ಹೆಚ್ಚಿನ ಪಾಲು ಜೂನ್‌ನಿಂದ ಅಕ್ಟೋಬರ್‌ವರೆಗೆ. ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಗಿಡ ಸಾಯುವುದು ಮಾರ್ಚ್, ಏಪ್ರಿಲ್, ಮೇ ತಿಂಗಳಲ್ಲಿ, ಅಂದರೆ ಯಾವ ಕಚೇರಿಯ ಕೈಯಲ್ಲೂ ಹಣ ಇರದ ತಿಂಗಳುಗಳಲ್ಲಿ. ಬೇವು, ಹೊಂಗೆಯಂಥ ನಮ್ಮ ನೆಲದ ಮರಗಳು ಮೂರು ಬೇಸಿಗೆ ದಾಟಿದರೆ ಬೇರು ಆಳಕ್ಕೆ ಇಳಿದು ತಾವೇ ಬದುಕಿಕೊಳ್ಳುತ್ತವೆ. ಆ ಮೂರು ಬೇಸಿಗೆ ಕಾಯುವವರು ಬೇಕು.

ಖರ್ಚು ಎಷ್ಟಾಗುತ್ತದೆ ಎಂದು ಕಾಗದದ ಮೇಲೆ ಹಾಕಿ ನೋಡಿದ್ದೇನೆ. ಒಂದು ಜಾಗದಲ್ಲಿ 100 ಗಿಡ ಎಂದುಕೊಳ್ಳೋಣ. ಗಿಡವೊಂದಕ್ಕೆ 20 ಲೀಟರಿನಂತೆ ವಾರಕ್ಕೆ ಎರಡು ಸಲ ಕೊಟ್ಟರೆ 4,000 ಲೀಟರ್, ಅಂದರೆ ವಾರಕ್ಕೊಂದು ಟ್ಯಾಂಕರ್. ಬೇಸಿಗೆಯ 18 ವಾರಕ್ಕೆ 18 ಟ್ಯಾಂಕರ್. ಟ್ಯಾಂಕರಿಗೆ 800 ರೂಪಾಯಿ ಹಿಡಿದರೂ 14,400 ರೂಪಾಯಿ. ಅರ್ಧ ದಿನ ನೋಡಿಕೊಳ್ಳುವವರಿಗೆ ತಿಂಗಳಿಗೆ 4,000 ರೂಪಾಯಿಯಂತೆ ವರ್ಷಕ್ಕೆ 48,000. ಎರಡೂ ಸೇರಿ ವರ್ಷಕ್ಕೆ 62,400, ಮೂರು ವರ್ಷಕ್ಕೆ 1,87,200. ಸಲಿಕೆ, ಪೈಪು, ಬಿದಿರಿನ ತಟ್ಟಿ, ಸತ್ತ ಗಿಡದ ಬದಲಿಗೆ ಹೊಸದು, ಎಲ್ಲ ಸೇರಿಸಿದರೂ ಎರಡು ಲಕ್ಷದ ಸುತ್ತಮುತ್ತ ನಿಲ್ಲುತ್ತದೆ. ಒಂದು ಕೋಟಿ ರೂಪಾಯಿಯಲ್ಲಿ ಇಂಥ 50 ಜಾಗಗಳನ್ನು ಮೂರು ವರ್ಷ ಕಾಯಬಹುದು.

ಹಣ ಎಲ್ಲಿದೆ ಎಂಬ ಪ್ರಶ್ನೆಗೂ ಉತ್ತರ ತಮ್ಮಲ್ಲೇ ಇದೆ. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371(ಜೆ) ವಿಧಿಯಡಿ ಬಂದ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ 2023-24ರಿಂದ ರಾಜ್ಯ ಬಜೆಟ್‌ನಲ್ಲಿ ವರ್ಷಕ್ಕೆ 5,000 ಕೋಟಿ ರೂಪಾಯಿ ಘೋಷಣೆಯಾಗುತ್ತಿದೆ. ನಾನು ಹೇಳಿದ ಒಂದು ಕೋಟಿ ಅದರಲ್ಲಿ ಐದು ಸಾವಿರಕ್ಕೆ ಒಂದು ಪಾಲು. ಇನ್ನು ಬಳ್ಳಾರಿ ಗಣಿಗಳ ಜಿಲ್ಲೆ. ಗಣಿ ಮತ್ತು ಖನಿಜಗಳ ಕಾಯ್ದೆಗೆ 2015ರಲ್ಲಿ ತಿದ್ದುಪಡಿಯಾದ ಮೇಲೆ ಗಣಿ ಕಂಪನಿಗಳು ರಾಜಧನದ (ರಾಯಲ್ಟಿ) ಜೊತೆಗೆ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೂ ಹಣ ಕಟ್ಟಬೇಕು. ಹಳೆಯ ಗುತ್ತಿಗೆಗಳಾದರೆ ರಾಜಧನದ ಶೇ 30, ಹರಾಜಿನಲ್ಲಿ ಪಡೆದವಾದರೆ ಶೇ 10. ಆ ಹಣದ ದೊಡ್ಡ ಪಾಲನ್ನು ಕುಡಿಯುವ ನೀರು, ಆರೋಗ್ಯ, ಶಿಕ್ಷಣ, ಪರಿಸರ ರಕ್ಷಣೆ, ಮಹಿಳೆಯರು, ಮಕ್ಕಳು, ವೃದ್ಧರ ಕಲ್ಯಾಣಕ್ಕೆ ಬಳಸಬೇಕೆಂದು ಕೇಂದ್ರದ ಮಾರ್ಗಸೂಚಿಯೇ ಹೇಳುತ್ತದೆ. ಒಂದು ಬೇವಿನ ತೋಪು ಈ ಪಟ್ಟಿಯ ಎಷ್ಟು ಬಾಬತ್ತುಗಳಿಗೆ ಸೇರುತ್ತದೆ ಎಂದು ತಾವೇ ನೋಡಿ. ಖನಿಜ ನಿಧಿಯನ್ನು ಗಣಿಬಾಧಿತ ಪ್ರದೇಶದಲ್ಲೇ ಖರ್ಚು ಮಾಡಬೇಕೆಂಬ ನಿಯಮ ನನಗೆ ಗೊತ್ತು, ಅದು ನ್ಯಾಯವೂ ಹೌದು. ಸಂಡೂರು ಸೀಮೆಯ ಹಳ್ಳಿಗಳಲ್ಲಿ ಕೆಂಪು ಧೂಳು ಕೂತ ಮನೆಗಳವರಿಗೆ ಆ ನಿಧಿಯಿಂದ ಸಣ್ಣ ಅನುದಾನ ಕೊಡಿ, ನಗರದ ಓಣಿಗಳಿಗೆ ಮಂಡಳಿಯ ಹಣದಿಂದ ಕೊಡಿ. ನಮಗಿಂತ ಅವರಿಗೆ ಮೊದಲು ಕೊಟ್ಟರೂ ನಮ್ಮ ತಕರಾರಿಲ್ಲ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಈ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸುವ ತನಕ ಆ ಹಳ್ಳಿಗಳು ಕುಡಿದ ಧೂಳು ಕಡಿಮೆಯದಲ್ಲ.

ಸಂಘಸಂಸ್ಥೆಗಳಿಗೆ ನೇರವಾಗಿ ಹಣ ಕೊಡುವುದು ಎಲ್ಲೂ ಇಲ್ಲದ ಪದ್ಧತಿಯೇನೂ ಅಲ್ಲ. ಜಾಗತಿಕ ಪರಿಸರ ನಿಧಿಯ ಸಣ್ಣ ಅನುದಾನ ಕಾರ್ಯಕ್ರಮ 1992ರಿಂದ ಅನೇಕ ದೇಶಗಳಲ್ಲಿ ಸ್ಥಳೀಯ ಸಂಘಗಳ ಕೈಗೇ ಹಣ ಕೊಡುತ್ತಾ ಬಂದಿದೆ. ಅಷ್ಟು ದೂರ ಯಾಕೆ, ಒಡಿಶಾದಲ್ಲಿ 'ಮುಕ್ತಾ' ಎಂಬ ಯೋಜನೆಯಡಿ ನಗರದ ಸಣ್ಣಪುಟ್ಟ ಕೆಲಸಗಳನ್ನು, ಉದ್ಯಾನ ಮತ್ತು ಬಯಲು ಜಾಗಗಳನ್ನೂ ಸೇರಿಸಿ, ಮಹಿಳಾ ಸ್ವಸಹಾಯ ಗುಂಪುಗಳಿಗೂ ಕೊಳೆಗೇರಿ ನಿವಾಸಿಗಳ ಸಂಘಗಳಿಗೂ ವಹಿಸಿದರು. ಕೊರೊನಾ ಕಾಲದಲ್ಲಿ ಕೂಲಿ ಕಳೆದುಕೊಂಡವರಿಗೆ ಕೆಲಸ ಕೊಡಲು 2020ರಲ್ಲಿ ಶುರುವಾದದ್ದು ಅದು. ನಗರಗಳ ಮೂಲಸೌಕರ್ಯಕ್ಕೆ ಕೇಂದ್ರ ತಂದ ಅಮೃತ್ ಯೋಜನೆಯ ಎರಡನೇ ಹಂತದಲ್ಲೂ ಸ್ವಸಹಾಯ ಗುಂಪಿನ ಹೆಂಗಸರನ್ನು 'ಅಮೃತ್ ಮಿತ್ರ' ಎಂಬ ಹೆಸರಿನಲ್ಲಿ ತೊಡಗಿಸಿಕೊಳ್ಳಲು ಅವಕಾಶ ಕೊಟ್ಟರು. ಹಳ್ಳಿಯಲ್ಲಿ ಗಿಡ ನೆಟ್ಟು ನೀರು ಹಾಕಿದ ಕೂಲಿಯನ್ನು ಉದ್ಯೋಗ ಖಾತರಿಯ ಲೆಕ್ಕದಲ್ಲಿ ಕೊಟ್ಟದ್ದನ್ನು ನಾವೆಲ್ಲ ಕಂಡಿದ್ದೇವೆ. ನಮ್ಮ ನಗರದ ಬಡವರಿಗೆ ಅಂಥ ಆಸರೆ ಇರಲೇ ಇಲ್ಲ.

ಪಕ್ಕದ ಕೊಪ್ಪಳದಲ್ಲಿ 2019ರಲ್ಲಿ ಗವಿಮಠದ ಸ್ವಾಮೀಜಿಯವರ ಮುಂದಾಳತ್ವದಲ್ಲಿ ಸಾವಿರಾರು ಜನ ಕೈಜೋಡಿಸಿ ಹಿರೇಹಳ್ಳವನ್ನು ಇಪ್ಪತ್ತಕ್ಕೂ ಹೆಚ್ಚು ಕಿಲೋಮೀಟರ್ ಉದ್ದಕ್ಕೆ ಸ್ವಚ್ಛಗೊಳಿಸಿದರು. ಜನರಿಗೆ ತಮ್ಮ ಊರಿನ ಮೇಲೆ ಕಾಳಜಿ ಇಲ್ಲ ಎಂದು ಯಾರಾದರೂ ಹೇಳಿದರೆ ಆ ಹಳ್ಳವನ್ನು ತೋರಿಸಬಹುದು. ಆದರೆ ಅಂಥ ಮಠ, ಅಂಥ ಮುಂದಾಳು ಎಲ್ಲ ಓಣಿಗೂ ಸಿಗುವುದಿಲ್ಲ. ದಿನಗೂಲಿಯ ಹೆಂಗಸರು ತಮ್ಮ ಮೈಬೆವರು ಕೊಡಬಲ್ಲರು, ದೇಣಿಗೆ ಎತ್ತಲಾರರು. ಅವರಿಗೆ ಸರ್ಕಾರದ ಸಣ್ಣ ಕೈಯಾಸರೆ ಬೇಕು.

ಇದು ಆರೋಗ್ಯದ ಮಾತೂ ಹೌದು. ನಮ್ಮ ಸಂಘದಲ್ಲಿ ನಲವತ್ತು ದಾಟಿದ ಬಹಳಷ್ಟು ಹೆಂಗಸರಿಗೆ ಸಕ್ಕರೆ ಕಾಯಿಲೆ ಅಥವಾ ಬಿಪಿ. ಡಾಕ್ಟರು ನಡೆಯಿರಿ ಎನ್ನುತ್ತಾರೆ. ವಾರಕ್ಕೆ ಕನಿಷ್ಠ 150 ನಿಮಿಷ ಮೈ ದಣಿಯಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಎಲ್ಲಿ ನಡೆಯಬೇಕು? ಲಾರಿಗಳು ಓಡುವ ರಸ್ತೆಯಲ್ಲಿ, ನಾಯಿಗಳ ನಡುವೆ, ಬೀದಿದೀಪವಿಲ್ಲದ ಸಂಜೆಯಲ್ಲಿ? ಗಂಡಸರಿಗೆ ಗುಡಿಯ ಕಟ್ಟೆ ಇದೆ, ಚಹಾದ ಅಂಗಡಿ ಇದೆ. ಹೆಂಗಸರು ಮನೆಯಿಂದ ಹೊರಗೆ ಬಂದು ಸುಮ್ಮನೆ ಅರ್ಧ ಗಂಟೆ ಕೂರಬಹುದಾದ ಜಾಗ ನಮ್ಮ ಬಡಾವಣೆಯಲ್ಲಿ ಒಂದೂ ಇಲ್ಲ. ಗಿಡಕ್ಕೆ ನೀರು ಹಾಕಲು ಬರುತ್ತಿದ್ದ ದಿನಗಳಲ್ಲಿ ಅವರು ಮಾತಾಡುತ್ತಿದ್ದರು, ಗಂಡನ ಕುಡಿತದ ಬಗ್ಗೆ, ಸಾಲದ ಬಗ್ಗೆ, ನಿದ್ದೆ ಬರದಿರುವುದರ ಬಗ್ಗೆ. ಬೀಗ ಬಿದ್ದ ಮೇಲೆ ಆ ಮಾತೂ ನಿಂತಿತು. ಗಂಡ ತೀರಿಕೊಂಡ ಮೇಲೆ ಮನೆಯಿಂದ ಹೊರಗೇ ಬರದಿದ್ದ ಒಬ್ಬಾಕೆ ಗಿಡಗಳ ನೆಪದಲ್ಲಿ ದಿನವೂ ಬರುತ್ತಿದ್ದಳು. ಈಗ ಮತ್ತೆ ಒಳಗೇ ಇದ್ದಾಳೆ.

ಮಾನಸಿಕ ಆರೋಗ್ಯದ ವಿಷಯದಲ್ಲಿ ಬಳ್ಳಾರಿಗೆ ದೊಡ್ಡ ಚರಿತ್ರೆಯೇ ಇದೆ. ಜಿಲ್ಲೆಯ ಸಾಮಾನ್ಯ ಆಸ್ಪತ್ರೆ, ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲೇ ಮನಸ್ಸಿನ ಕಾಯಿಲೆಗೆ ಚಿಕಿತ್ಸೆ ಕೊಡಬಹುದು ಎಂದು ನಿಮ್ಹಾನ್ಸ್ 1985ರಿಂದ ಪ್ರಯೋಗ ಮಾಡಿ ತೋರಿಸಿದ್ದು ಇಲ್ಲೇ. ಅದನ್ನೇ ಮಾದರಿಯಾಗಿ ಇಟ್ಟುಕೊಂಡು 1996ರಲ್ಲಿ ದೇಶದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ಇಡೀ ದೇಶ ಇವತ್ತಿಗೂ 'ಬಳ್ಳಾರಿ ಮಾದರಿ' ಎನ್ನುತ್ತದೆ. ಪರಿಣತರು ದೂರದ ಊರಿನಲ್ಲಿದ್ದರೂ ಕೆಲಸ ನಡೆದದ್ದು ಹಳ್ಳಿಯ ಆರೋಗ್ಯ ಕಾರ್ಯಕರ್ತರನ್ನು ತರಬೇತಿ ಕೊಟ್ಟು ನಂಬಿದ್ದರಿಂದ. ಓಣಿಯ ಹೆಂಗಸರನ್ನು ಅದೇ ರೀತಿ ನಂಬಿ ಎಂದು ಕೇಳಿದರೆ ತಪ್ಪಾಗುವುದಿಲ್ಲ ಅಂದುಕೊಂಡಿದ್ದೇನೆ.

ಹಣ ದುರುಪಯೋಗವಾದರೆ ಏನು ಗತಿ ಎಂಬ ಅಳುಕು ತಮಗೆ ಇರುವುದು ಸಹಜ. ಸರ್ಕಾರಿ ಹಣಕ್ಕೆ ಲೆಕ್ಕ ಬೇಕೇ ಬೇಕು. ಸ್ವಸಹಾಯ ಸಂಘಗಳು ವಾರದ ಉಳಿತಾಯ, ಬ್ಯಾಂಕ್ ಸಾಲ, ಬಡ್ಡಿ ಎಲ್ಲವನ್ನೂ ಪೈಸೆ ಬಿಡದೆ ಬರೆದಿಡುತ್ತವೆ, ಪುಸ್ತಕ ಯಾವಾಗ ಬೇಕಾದರೂ ತೆರೆದು ನೋಡಬಹುದು. ಹಣವನ್ನು ಒಟ್ಟಿಗೆ ಕೊಡಬೇಡಿ, ಕಂತಿನಲ್ಲಿ ಕೊಡಿ. ಮೊದಲ ಕಂತು ನೆಡುವಾಗ, ಮುಂದಿನ ಕಂತುಗಳು ಪ್ರತಿ ಮೇ ತಿಂಗಳ ಕೊನೆಗೆ ಎಷ್ಟು ಗಿಡ ಜೀವಂತವಾಗಿವೆ ಎಂದು ಎಣಿಸಿದ ಮೇಲೆ. ಫೋಟೊ ನೋಡಿ ತೃಪ್ತರಾಗಬೇಡಿ, ಒಬ್ಬ ನೌಕರ ಬಂದು ನಿವಾಸಿಗಳ ಎದುರಿಗೆ ಎಣಿಸಲಿ. ಬಂದ ಹಣ, ಖರ್ಚಾದ ಹಣ ಎರಡನ್ನೂ ಆ ಜಾಗದ ಗೋಡೆಯ ಮೇಲೆ ಬರೆಯಿಸಿ. ಟೆಂಡರ್ ಕಾಮಗಾರಿಗಳಿಗೂ ಇದೇ ಪರೀಕ್ಷೆ ಇಟ್ಟರೆ ಇನ್ನೂ ಒಳ್ಳೆಯದು.

ಸಂಘಕ್ಕೆ ಅನುದಾನ ಸಿಕ್ಕಿದ ಜಾಗದಲ್ಲಿ ಆ ಮೂರು ವರ್ಷ ಬೇರೆ ಯಾವ ಕಾಮಗಾರಿಯೂ ಸಂಘದ ಜೊತೆ ಕೂತು ಮಾತಾಡದೆ ಶುರುವಾಗಬಾರದು. ಇದು ನಮಗೆ ಹಣದಷ್ಟೇ ಮುಖ್ಯ. ಬಯಲು ಜಾಗಗಳನ್ನು ಕಾಪಾಡಲು 1985ರ ರಾಜ್ಯ ಕಾಯ್ದೆಯೇ ಇದೆ, ಉದ್ಯಾನ ಮತ್ತು ಆಟದ ಮೈದಾನಗಳ ಪಟ್ಟಿ ಮಾಡಿ ಪ್ರಕಟಿಸಬೇಕೆಂದು ಅದು ಹೇಳುತ್ತದೆ. ತಲಾ 10ರಿಂದ 12 ಚದರ ಮೀಟರ್ ಬಯಲು ಜಾಗ ಇರಬೇಕೆಂಬುದು ಕೇಂದ್ರದ 2014ರ ನಗರ ಯೋಜನಾ ಮಾರ್ಗಸೂಚಿ. ನಮ್ಮ ನಗರದಲ್ಲಿ ವಾರ್ಡುವಾರು ಎಷ್ಟು ಜಾಗ ಉದ್ಯಾನಕ್ಕೆ ಮೀಸಲಾಗಿದೆ, ಅದರ ಮೇಲೆ ಈಗ ಏನಿದೆ ಎಂಬ ಪಟ್ಟಿಯನ್ನು ಕನ್ನಡದಲ್ಲಿ, ಎಲ್ಲರ ಕಣ್ಣಿಗೆ ಬೀಳುವಂತೆ ಪ್ರಕಟಿಸಲು ಸಂಬಂಧಪಟ್ಟವರಿಗೆ ಸೂಚನೆ ಕೊಡಿ. ಅಂಗನವಾಡಿಯ ಅಂಗಳ, ಆರೋಗ್ಯ ಕೇಂದ್ರದ ಹಿತ್ತಲು, ಸರ್ಕಾರಿ ಶಾಲೆಯ ಬಯಲು, ಸ್ಮಶಾನದ ಸುತ್ತು, ಇವೂ ಆ ಪಟ್ಟಿಯಲ್ಲಿ ಬಂದರೆ ಸಂಘಗಳು ತಾವೇ ಮುಂದೆ ಬಂದು ಜಾಗ ಆರಿಸಿಕೊಳ್ಳುತ್ತವೆ.

ನೀರಿನ ಬಗ್ಗೆ ಒಂದು ಮಾತು. ಕುಡಿಯುವ ನೀರಿಗೇ ತತ್ವಾರ ಇರುವ ಊರಿನಲ್ಲಿ ಗಿಡಕ್ಕೆ ತುಂಗಭದ್ರೆಯ ನೀರು ಕೇಳಲು ನಮಗೇ ಮನಸ್ಸು ಬರುವುದಿಲ್ಲ. ಶುದ್ಧೀಕರಿಸಿದ ಚರಂಡಿ ನೀರನ್ನು ಅನುದಾನ ಪಡೆದ ಜಾಗಗಳಿಗೆ ಟ್ಯಾಂಕರ್ ಮೂಲಕ ಉಚಿತವಾಗಿ ಒದಗಿಸಿದರೆ ಮೇಲೆ ಹೇಳಿದ ಖರ್ಚಿನಲ್ಲಿ ನೀರಿನ ಬಾಬತ್ತು ಬಹುತೇಕ ಉಳಿಯುತ್ತದೆ, ಆ ಹಣ ನೋಡಿಕೊಳ್ಳುವವರ ಗೌರವಧನಕ್ಕೆ ಸೇರಲಿ. ತಿಂಗಳಿಗೆ 4,000 ಏನೂ ಹೆಚ್ಚಲ್ಲ.

ಅರ್ಜಿ ನಮೂನೆ ಒಂದೇ ಹಾಳೆಯದಾಗಿರಲಿ, ಕನ್ನಡದಲ್ಲಿರಲಿ, ಆನ್‌ಲೈನ್ ಮಾತ್ರ ಎಂದು ಮಾಡಬೇಡಿ. ಸಂಘದ ನೋಂದಣಿ, ಲೆಕ್ಕ ಪರಿಶೋಧಕರ ಪ್ರಮಾಣಪತ್ರ, ಹಿಂದಿನ ಮೂರು ವರ್ಷದ ವಹಿವಾಟು ಎಂದು ಕೇಳುತ್ತಾ ಹೋದರೆ ಅನುದಾನ ಮತ್ತೆ ದೊಡ್ಡ ಸಂಸ್ಥೆಗಳ ಪಾಲಾಗುತ್ತದೆ. ಬ್ಯಾಂಕ್ ಖಾತೆ ಇರುವ ಸ್ವಸಹಾಯ ಗುಂಪಿಗೆ ಅಷ್ಟೇ ಅರ್ಹತೆ ಸಾಕು ಎಂದು ಇಡಿ. ಆಯ್ಕೆಯನ್ನು ವಾರ್ಡಿನ ಬಹಿರಂಗ ಸಭೆಯಲ್ಲಿ ಮಾಡಿ.

ಎಲ್ಲಕ್ಕಿಂತ ಮೊದಲು, ಪ್ರತಿ ಬೇಸಿಗೆಯ ಹಣ ಜನವರಿಯೊಳಗೆ ಸಂಘದ ಖಾತೆಗೆ ಬರಬೇಕು, ಮಾರ್ಚ್ 31 ದಾಟಿದರೂ ಅದು ಸರ್ಕಾರಕ್ಕೆ ವಾಪಸು ಹೋಗಬಾರದು. ಈ ಒಂದು ನಿಯಮ ಇಲ್ಲದಿದ್ದರೆ ಮೇಲಿನ ಯಾವುದೂ ನಡೆಯುವುದಿಲ್ಲ.

ಮುಂದಿನ ಕ್ರಿಯಾಯೋಜನೆ ಸಿದ್ಧವಾಗುವ ಮೊದಲು ಮಂಡಳಿಯಿಂದ ಒಂದು ಕೋಟಿ, ಖನಿಜ ಪ್ರತಿಷ್ಠಾನದಿಂದ ಒಂದು ಕೋಟಿ ಇದಕ್ಕೆಂದೇ ಪ್ರತ್ಯೇಕ ಲೆಕ್ಕ ಶೀರ್ಷಿಕೆಯಡಿ ತೆಗೆದಿಡಬೇಕೆಂದು ಕೋರುತ್ತೇವೆ. ತಾವು ಕರೆದರೆ ನಾಲ್ಕೈದು ಬಡಾವಣೆಗಳ ಸಂಘದವರು ಲೆಕ್ಕದ ಪುಸ್ತಕ ಹಿಡಿದು ತಮ್ಮ ಕಚೇರಿಗೆ ಬರಲು ಸಿದ್ಧರಿದ್ದಾರೆ. ಜೀನ್ಸ್ ಕೆಲಸದವರಿಗೆ ಒಂದು ದಿನ ಬಿಟ್ಟರೆ ಆ ದಿನದ ಕೂಲಿ ಹೋಗುತ್ತದೆ, ಆದ್ದರಿಂದ ಭಾನುವಾರ ಸಮಯ ಕೊಟ್ಟರೆ ಉಪಕಾರವಾಗುತ್ತದೆ. ಬೇಡಿಕೆ ಸಾಧ್ಯವಿಲ್ಲ ಎಂದಾದರೆ ಯಾವ ನಿಯಮ ಅಡ್ಡ ಬರುತ್ತದೆ ಎಂಬುದನ್ನು ಲಿಖಿತವಾಗಿ ತಿಳಿಸಿ. ಆ ನಿಯಮ ಬದಲಿಸುವಂತೆ ಮುಂದೆ ಯಾರಿಗೆ ಬರೆಯಬೇಕೋ ಅವರಿಗೆ ಬರೆಯುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಶಿಕ್ಷಕಿ ಹಾಗೂ ಮಹಿಳಾ ಸಂಘದ ಸದಸ್ಯೆ
ಬಳ್ಳಾರಿ